ಗೇರ್‌ಬಾಕ್ಸ್ ಇಳಿಸುವ ಮುನ್ನ

ಕ್ಲಚ್ ಹೌಸಿಂಗಿನ ತಳದಲ್ಲಿ ಎಣ್ಣೆ ತೊಟ್ಟಿಕ್ಕಿದೊಡನೆ ನಾವು ಗೇರ್‌ಬಾಕ್ಸಿಗೆ ಕೈಹಾಕಬಾರದು. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರು ಇದಕ್ಕೆ ಒಳ್ಳೆಯ ಪಾಠ. ಅದರ ಗೇರ್‌ಬಾಕ್ಸೊಂದನ್ನೇ ಕೆಳಗಿನಿಂದ ಇಳಿಸಲಾಗದು. ಇಂಜಿನ್ ಸಮೇತ ಮೇಲೆತ್ತಬೇಕು.

ಆದುದರಿಂದ ಇಂಜಿನ್ ತಣ್ಣಗಿರುವಾಗ ತಳವನ್ನು ತೊಳೆದು ಒರೆಸಿ, ಸ್ವಲ್ಪ ದೂರ ಓಡಿಸಿ, ಎಣ್ಣೆಯ ಮೂಲ ಹುಡುಕೋಣ. ಪಕ್ಕದ ಟ್ಯಾಪೆಟ್ ಕವರಿನಿಂದ ಸೋರಿದ ಎಣ್ಣೆಯೂ ಹಿಂದಕ್ಕೆ ಹರಿದು ಅಲ್ಲಿಯೇ ತೊಟ್ಟಿಕ್ಕುವುದುಂಟು. ಅದಕ್ಕೆ ಹೊಸ ಗ್ಯಾಸ್ಕೆಟ್ ಸಾಕು. 1964ರವರೆಗಿನ ಮೂರು ಬೇರಿಂಗ್ ಇಂಜಿನ್ನಿನ ಹಿಂಬದಿಗೆ ರಬ್ಬರ್ ಸೀಲೇ ಇಲ್ಲ. ಎಣ್ಣೆಯನ್ನು ಒಳಕ್ಕೆ ಮರಳಿಸುವ ಸುರುಳಿ ಗೆರೆ ಮಾತ್ರ. ಅಲ್ಲಿ ಕೊಂಚ ಜಿನುಗುವುದು ಸಹಜ.

ಬಿಚ್ಚಲೇಬೇಕಾದರೆ ಒಳಗಿನ ಸೀಲುಗಳು, ಕ್ಲಚ್ ಬೇರಿಂಗ್ ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಲೇಸು. ಎಣ್ಣೆ ಕುಡಿದ ಕ್ಲಚ್ ಪ್ಲೇಟು ಏರಿನಲ್ಲಿ ಜಾರುತ್ತದೆ; ಅದನ್ನೇ ಮತ್ತೆ ಹಾಕಬಾರದು.

ನಮ್ಮ ತೋಟದ ಜೀಪಿಗೂ ಕ್ರಮ ಇದೇ: ಮೊದಲು ತೊಳೆದು ನೋಡುವುದು, ಆಮೇಲೆ ಸ್ಪ್ಯಾನರ್ ಹಿಡಿಯುವುದು.