ವ್ಯಾಕ್ಯೂಮ್ ಕ್ಲೀನರ್ ಫಿಲ್ಟರ್: ಏಕೆ ತೊಳೆಯಬೇಕು, ಹೇಗೆ ತೊಳೆಯಬೇಕು?



ಉದ್ದನಪಲ್ಲಿಯ ಸುತ್ತಮುತ್ತ ರಾಗಿ ತೂರುವುದನ್ನು ನೀವೆಲ್ಲ ನೋಡಿರುತ್ತೀರಿ. ಕಾಳು ಭಾರ, ನೇರ ಕೆಳಗೆ ಬೀಳುತ್ತೆ. ಹೊಟ್ಟು ಹಗುರ, ಗಾಳಿಯ ಜೊತೆ ಹೋಗುತ್ತೆ. ಈ ಪಾಠವನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ನಮ್ಮ ಕಡೆ ಈಗ ಕೆಲವು ಮನೆಗಳಿಗೆ ವ್ಯಾಕ್ಯೂಮ್ ಕ್ಲೀನರ್ ಬಂದಿದೆ. ಅದರೊಳಗೆ ಒಂದು ಮೋಟಾರ್, ಒಂದು ಫ್ಯಾನ್ ಇರುತ್ತೆ. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಿದಾಗ ಒಳಗೆ ಒತ್ತಡ ಕಡಿಮೆಯಾಗುತ್ತೆ. ಹೊರಗಿನ ಗಾಳಿ ಧೂಳಿನ ಸಮೇತ ಒಳಗೆ ನುಗ್ಗುತ್ತೆ. ಧೂಳನ್ನು ಹಿಡಿದು ಗಾಳಿಯನ್ನು ಮಾತ್ರ ಬಿಡುವುದೇ ಫಿಲ್ಟರಿನ ಕೆಲಸ.

1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಇಂಥ ಯಂತ್ರ ಮಾಡುವ ಮೊದಲು, ಕುರ್ಚಿಯ ಬಟ್ಟೆಯ ಮೇಲೆ ಕರವಸ್ತ್ರ ಇಟ್ಟು ಬಾಯಿಂದ ಗಾಳಿ ಎಳೆದು ನೋಡಿದರು. ಕರವಸ್ತ್ರಕ್ಕೆ ಧೂಳು ಮೆತ್ತಿತು! (ನೀವು ಹೀಗೆ ಮಾಡಬೇಡಿ, ಧೂಳು ಗಂಟಲಿಗೆ ಹೋಗುತ್ತೆ.)

ಫಿಲ್ಟರ್ ಬರೀ ಜರಡಿಯಾ?

ಅಲ್ಲ. ಗಾಳಿ ನಾರುಗಳ ಸುತ್ತ ಬಳಸಿಕೊಂಡು ಹೋಗುತ್ತೆ. ಭಾರದ ಕಣಕ್ಕೆ ಹಾಗೆ ತಿರುಗಲು ಆಗಲ್ಲ, ನಾರಿಗೆ ಹೋಗಿ ಬಡಿಯುತ್ತೆ. ರಾಗಿ ಕಾಳು ಗಾಳಿಯ ಜೊತೆ ಹೋಗದ ಹಾಗೆ! ಅತಿ ಸಣ್ಣ ಕಣ ಅತ್ತಿತ್ತ ಅಲೆದಾಡಿ ನಾರಿಗೆ ಅಂಟುತ್ತೆ. ನಡುವಿನ ಗಾತ್ರದ್ದೇ ಹಿಡಿಯಲು ಕಷ್ಟ. ಅದಕ್ಕೇ ‘ಹೆಪಾ’ ಎಂಬ ಫಿಲ್ಟರನ್ನು 0.3 ಮೈಕ್ರೋಮೀಟರ್ ಕಣಗಳಿಂದ ಪರೀಕ್ಷಿಸುತ್ತಾರೆ, ಶೇಕಡಾ 99.97ರಷ್ಟನ್ನು ಅದು ಹಿಡಿಯಬೇಕು. (1 ಮಿಲಿಮೀಟರ್ = 1000 ಮೈಕ್ರೋಮೀಟರ್.)

ಮಾಡಿ ನೋಡಿ

ಒಂದು ಕಾಗದದ ಪಟ್ಟಿಯನ್ನು ನೇತುಹಾಕಿ. ಒಗೆದ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು, ಅದೇ ದೂರದಿಂದ ಊದಿ. ಮೊದಲು ಒಂದು ಪದರ, ಆಮೇಲೆ ನಾಲ್ಕು, ಎಂಟು. ಕೊನೆಗೆ ಕರವಸ್ತ್ರವನ್ನು ನೆನೆಸಿ ಒಂದೇ ಪದರದಲ್ಲಿ ಊದಿ. ಕಾಗದ ಅಲುಗೋದು ಕಡಿಮೆಯಾಗುತ್ತಾ ಬಂತಲ್ಲವೇ? ಒದ್ದೆ ಬಟ್ಟೆಯ ಸಂದುಗಳಲ್ಲಿ ನೀರು ತುಂಬಿ ಗಾಳಿಗೆ ದಾರಿ ಇಲ್ಲ. ಕಟ್ಟಿಕೊಂಡ ಫಿಲ್ಟರಿನ ಕಥೆಯೂ ಇದೇ.

ಆಗ ಯಂತ್ರದ ದನಿ ಏರುತ್ತೆ. “ಚೆನ್ನಾಗಿ ಎಳೀತಿದೆ” ಅಂದುಕೊಳ್ಳಬೇಡಿ! ತಳ್ಳಲು ಗಾಳಿಯೇ ಕಡಿಮೆ ಇರುವುದರಿಂದ ಫ್ಯಾನ್ ಇನ್ನೂ ವೇಗವಾಗಿ ಸುತ್ತುತ್ತೆ, ಅಷ್ಟೇ. ಅನೇಕ ಯಂತ್ರಗಳಲ್ಲಿ ಮೋಟಾರನ್ನು ತಣಿಸುವುದೂ ಅದೇ ಗಾಳಿ. ಗಾಳಿ ನಿಂತರೆ ಮೋಟಾರ್ ಕಾದು ಸುಟ್ಟುಹೋಗಬಹುದು.

ಶುಚಿ ಮಾಡುವ ಕ್ರಮ

1. ದೊಡ್ಡವರು ಜೊತೆಯಲ್ಲಿರಲಿ. ಮೊದಲು ಪ್ಲಗ್ ಕೀಳಿ.
2. ಮೂಗು-ಬಾಯಿಗೆ ಬಟ್ಟೆ ಕಟ್ಟಿ, ಫಿಲ್ಟರನ್ನು ಅಂಗಳಕ್ಕೆ ತನ್ನಿ. ಗಾಳಿಗೆ ಬೆನ್ನು ಕೊಟ್ಟು ನಿಂತು ಮೆಲ್ಲಗೆ ತಟ್ಟಿ. ಮನೆಯೊಳಗೆ ಕೊಡವಿದರೆ ನುಣ್ಣನೆ ಧೂಳು ಗಂಟೆಗಟ್ಟಲೆ ತೇಲುತ್ತೆ. ದಮ್ಮು ಇರುವವರಿಗೆ ತೊಂದರೆ.
3. ಸ್ಪಂಜಿನ ಫಿಲ್ಟರನ್ನು ತಣ್ಣೀರಿನಲ್ಲಿ ತೊಳೆಯಬಹುದು. ಕಾಗದದ್ದನ್ನು ಯಂತ್ರದ ಕೈಪಿಡಿ ಹೇಳದೆ ನೀರಿಗೆ ಹಾಕಬೇಡಿ.
4. ನೆರಳಲ್ಲಿ ಒಂದು ಇಡೀ ದಿನ ಒಣಗಿಸಿ.
5. ಬೆಳಕಿಗೆ ಹಿಡಿದು ನೋಡಿ. ತೂತು, ಹರಕು ಕಂಡರೆ ಹೊಸದು ಹಾಕಿಸಿ. “ಇವತ್ತೊಂದು ದಿನ ಇಲ್ಲದೇ ನಡೆಯುತ್ತೆ” ಅನ್ನೋದು ಬೇಡ. ಧೂಳು ಮೋಟಾರಿಗೂ ಹೋಗುತ್ತೆ, ಕೋಣೆಗೂ ವಾಪಸ್ ಬರುತ್ತೆ.

ಒಂದು ಎಚ್ಚರಿಕೆ

ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಗ್ರಾನೈಟ್ ಕೆಲಸ ಬಹಳ. ಕಲ್ಲು ಕೊಯ್ದ ನುಣ್ಣನೆ ಪುಡಿಯಲ್ಲಿ ಸಿಲಿಕಾ ಇರುತ್ತೆ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಸಿಲಿಕೋಸಿಸ್ ಎಂಬ, ವಾಸಿಯಾಗದ ಶ್ವಾಸಕೋಶದ ರೋಗ ಬರುತ್ತೆ. ಆ ಪುಡಿಯನ್ನು ಮನೆಯ ಯಂತ್ರದಲ್ಲಿ ಎಳೆಯಬೇಡಿ, ಒಣಗಿದ್ದಾಗ ಗುಡಿಸಲೂ ಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ. ಮನೆಯಲ್ಲಿ ಯಾರಾದರೂ ಕಲ್ಲಿನ ಕೆಲಸಕ್ಕೆ ಹೋಗುತ್ತಿದ್ದರೆ ಇದನ್ನು ಅವರಿಗೂ ಓದಿ ಹೇಳಿ.

ಯೋಚಿಸಿ

0.3 ಮೈಕ್ರೋಮೀಟರಿನ 10,000 ಕಣಗಳು ಹೆಪಾ ಫಿಲ್ಟರಿಗೆ ಬಂದರೆ ಹೆಚ್ಚೆಂದರೆ ಎಷ್ಟು ತಪ್ಪಿಸಿಕೊಳ್ಳಬಹುದು? ಲೆಕ್ಕ ಮಾಡಿ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.