ಗಾಳಿ, ಬಿಸಿಲು ಮತ್ತು ತಾತನ ಕೊಳವೆಬಾವಿ

ಆಷಾಢದ ಒಂದು ಭಾನುವಾರ. ರಾಯದುರ್ಗದ ಹತ್ತಿರದ ಒಂದು ಊರಿನಲ್ಲಿ ಲಕ್ಷ್ಮಿ ತನ್ನ ತಾತನೊಡನೆ ಹೊಲಕ್ಕೆ ಹೋದಳು. ಗಾಳಿ ಜೋರಾಗಿ ಬೀಸುತ್ತಿತ್ತು. ಮೋಡಗಳು ಮಳೆ ಸುರಿಸದೆ ಓಡುತ್ತಿದ್ದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಗಿರಗಿರನೆ ತಿರುಗುತ್ತಿದ್ದವು.

“ತಾತ, ನಮ್ಮ ಕಡೆ ಮಳೆ ಏಕೆ ಕಡಿಮೆ?” ಎಂದು ಲಕ್ಷ್ಮಿ ಕೇಳಿದಳು.

“ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲೇ ಹೆಚ್ಚು ಮಳೆ ಸುರಿಸುತ್ತವೆ. ಹಿಂಗಾರಿನ ಮೋಡಗಳು ಪೂರ್ವದ ಕಡಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗುತ್ತವೆ. ಆದ್ದರಿಂದ ನಮ್ಮ ಅನಂತಪುರ ಸೀಮೆಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಮಾತ್ರ. ಅದನ್ನೇ ನಂಬಿ ಶೇಂಗಾ ಬಿತ್ತುತ್ತೇವೆ. ಕಾಯಿ ಕಟ್ಟುವಾಗ ಮಳೆ ಹೋದರೆ ಬಿತ್ತಿದ ಬೀಜವೂ ಕೈಗೆ ಬರುವುದಿಲ್ಲ. ಹಗರಿ ನದಿಯ ದಂಡೆಯಲ್ಲಂತೂ ಗಾಳಿಗೆ ಮರಳು ಹಾರಿ ಬಂದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ” ಎಂದರು ತಾತ.

“ಮುಂದೆ ಇನ್ನೂ ಕಷ್ಟವಾಗಬಹುದು ಎಂದು ಗುರುಗಳು ಹೇಳಿದರು ತಾತ. ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವಾಗ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಗಾಳಿಗೆ ಸೇರುತ್ತದೆ. ಅದು ಶಾಖವನ್ನು ಹಿಡಿದಿಡುತ್ತದೆ. ಭೂಮಿ ಬಿಸಿಯಾದಂತೆ ನೆಲ ಬೇಗ ಒಣಗುತ್ತದೆ. ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ.”

“ನಿಜ. 2021ರ ನವೆಂಬರಿನಲ್ಲಿ ಚಿತ್ರಾವತಿ ನದಿ ಉಕ್ಕಿ ಹರಿಯಿತು. ನೀರಿನ ನಡುವೆ ಸಿಕ್ಕಿಕೊಂಡವರನ್ನು ಹೆಲಿಕಾಪ್ಟರಿನಲ್ಲಿ ಕಾಪಾಡಬೇಕಾಯಿತು. ಬರದ ಸೀಮೆಯಲ್ಲೂ ನೆರೆ!”

“ಆದರೆ ಗಾಳಿ, ಬಿಸಿಲಿನಿಂದಲೂ ವಿದ್ಯುತ್ ಸಿಗುತ್ತದಲ್ಲ?”

“ಹೌದು ಮಗು. 1990ರ ದಶಕದಲ್ಲಿಯೇ ರಾಮಗಿರಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು. 2016ರಲ್ಲಿ ನಂಬುಲಪೂಲಕುಂಟದ ಸೌರ ಫಲಕಗಳು ವಿದ್ಯುತ್ ಕೊಡತೊಡಗಿದವು. ನಮ್ಮ ಪೈರನ್ನು ಒಣಗಿಸುವ ಬಿಸಿಲೇ ಈಗ ದೀಪವನ್ನೂ ಉರಿಸುತ್ತದೆ.”

“ರಾತ್ರಿ ಬಿಸಿಲು ಇರುವುದಿಲ್ಲವಲ್ಲ ತಾತ?”

“ಅದಕ್ಕೇ ಮುಂಚೆ ಯೋಚಿಸಬೇಕು. ನಂದ್ಯಾಲ ಜಿಲ್ಲೆಯ ಪಿನ್ನಾಪುರಂನಲ್ಲಿ ಅದಕ್ಕೊಂದು ಯೋಜನೆ ಮಾಡಿದ್ದಾರೆ. ವಿದ್ಯುತ್ ಹೆಚ್ಚಾಗಿರುವಾಗ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸುವುದು. ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು. ಜಾಗದ ಬಗೆಗೂ ಯೋಚಿಸಬೇಕು. ಫಲಕಗಳಿಗೆ ಬೇಲಿ ಹಾಕಿದರೆ ಕುರಿಗಳಿಗೆ ಮೇವು ಎಲ್ಲಿ?”

ಮಾತಾಡುತ್ತ ಇಬ್ಬರೂ ಕೊಳವೆಬಾವಿಯ ಬಳಿಗೆ ಬಂದರು. ಅದರ ಪಕ್ಕದಲ್ಲಿ ಬತ್ತಿಹೋದ ಎರಡು ಹಳೆಯ ಕೊಳವೆಬಾವಿಗಳಿದ್ದವು.

“ಇದಕ್ಕೆ ಸೌರ ಪಂಪು ಹಾಕಿಸೋಣ ಎಂದಿದ್ದೇನೆ. ಬಿಸಿಲಿಗೆ ಕಾಸಿಲ್ಲ. ಹಗಲೆಲ್ಲ ನೀರೆತ್ತಬಹುದು” ಎಂದರು ತಾತ.

ಲಕ್ಷ್ಮಿ ಹಳೆಯ ಬಾವಿಗಳತ್ತ ನೋಡಿದಳು. “ಹಗಲೆಲ್ಲ ಎತ್ತಿದರೆ ಇದೂ ಬತ್ತುವುದಿಲ್ಲವೇ ತಾತ?”

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಿನ್ನ ಮಾತು ಸರಿ. ಬಿಸಿಲು ನಾಳೆಯೂ ಬರುತ್ತದೆ. ನೆಲದೊಳಗಿನ ನೀರು ಹಾಗಲ್ಲ. ಮೊದಲು ಹೊಲದ ತಗ್ಗಿನಲ್ಲಿ ಹೊಂಡ ತೋಡಿ ಮಳೆನೀರು ಇಂಗಿಸೋಣ. ಗಿಡಗಳಿಗೆ ಹನಿ ನೀರಾವರಿ ಮಾಡೋಣ. ಆಮೇಲೆ ಪಂಪು.”

“ಹೊಂಡದ ಅಳತೆ ನಾನು ಹಿಡಿಯುತ್ತೇನೆ!” ಎಂದು ಲಕ್ಷ್ಮಿ ತಗ್ಗಿನ ಕಡೆ ಓಡಿದಳು.

ಪದಗಳ ಅರ್ಥ
ಸೀಮೆ – ಪ್ರದೇಶ
ನೆರೆ – ಪ್ರವಾಹ
ಪೈರು – ಬೆಳೆ
ಇಂಗಿಸು – ನೆಲದೊಳಗೆ ಇಳಿಯುವಂತೆ ಮಾಡು

ಪ್ರಶ್ನೆಗಳು
1. ಅನಂತಪುರ ಸೀಮೆಯಲ್ಲಿ ಮಳೆ ಕಡಿಮೆ ಏಕೆ?
2. ಭೂಮಿ ಬಿಸಿಯಾದರೆ ಏನಾಗುತ್ತದೆ?
3. ರಾತ್ರಿಯ ವಿದ್ಯುತ್ತಿಗಾಗಿ ಪಿನ್ನಾಪುರಂನಲ್ಲಿ ಯಾವ ಯೋಜನೆ ಮಾಡಿದ್ದಾರೆ?
4. ತಾತ ಪಂಪಿಗಿಂತ ಮೊದಲು ಹೊಂಡ ತೋಡಲು ಏಕೆ ಒಪ್ಪಿದರು?

ಮಾಡಿರಿ
ನಿಮ್ಮ ಊರಿನಲ್ಲಿ ಬತ್ತಿದ ಮತ್ತು ನೀರಿರುವ ಕೊಳವೆಬಾವಿಗಳು ಎಷ್ಟಿವೆ? ಹಿರಿಯರನ್ನು ಕೇಳಿ ಪಟ್ಟಿ ಮಾಡಿರಿ.