ದುಡಿಯುವವರು ಲೆಕ್ಕಪತ್ರದ ಪರೀಕ್ಷೆಗೆ ಓದುವುದು ಹೇಗೆ?



ಲೆಕ್ಕ ಹಾಕದ ರೈತನಿಲ್ಲ. ಎಕರೆಗೆ ಎಷ್ಟು ಬೀಜ ಹಿಡಿಯಿತು, ಗೊಬ್ಬರಕ್ಕೆ ಎಷ್ಟು ಹೋಯಿತು, ಆಳುಗಳಿಗೆ ಎಷ್ಟು ಕೊಟ್ಟೆ, ಮಂಡಿಯಲ್ಲಿ ಚೀಲಕ್ಕೆ ಏನು ಬಂತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಆದರೆ ಬಾಯಲ್ಲಿರುವ ಲೆಕ್ಕ ಒಬ್ಬನಿಗೆ ಮಾತ್ರ ಗೊತ್ತು. ಪುಸ್ತಕದಲ್ಲಿರುವ ಲೆಕ್ಕವನ್ನು ಊರೆಲ್ಲ ನೋಡಬಹುದು, ಪರೀಕ್ಷಿಸಬಹುದು.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿತು. ಅಂದಿನಿಂದ ನಮ್ಮ ನಾಡಿನಲ್ಲಿ ಸಂಘಗಳು ಬೆಳೆದಿವೆ. ಪತ್ತಿನ ಸಂಘ, ಹಾಲಿನ ಸಂಘ, ಮಹಿಳೆಯರ ಸ್ವಸಹಾಯ ಸಂಘ ಹೀಗೆ ಒಂದೊಂದು ಊರಿನಲ್ಲಿ ಎರಡು ಮೂರು ಸಂಘಗಳಿರುವುದುಂಟು. ಆದರೆ ಆ ಸಂಘಗಳ ಲೆಕ್ಕವನ್ನು ಬರೆಯಬಲ್ಲವರು, ಬರೆದದ್ದನ್ನು ಓದಿ ತಿಳಿಯಬಲ್ಲವರು ಎಷ್ಟು ಮಂದಿ? ಎಷ್ಟೋ ಕಡೆ ಒಬ್ಬರೇ. ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆ ಓದಿದಾಗ ಉಳಿದವರು ಸುಮ್ಮನೆ ಕೈ ಎತ್ತುತ್ತಾರೆ. ಇದು ಸಂಘಕ್ಕೂ ಒಳ್ಳೆಯದಲ್ಲ, ಲೆಕ್ಕ ಬರೆಯುವ ಆ ಒಬ್ಬರಿಗೂ ಒಳ್ಳೆಯದಲ್ಲ.

ಆದ್ದರಿಂದ ಮೂವತ್ತು ನಲವತ್ತು ವರ್ಷ ದಾಟಿದ ರೈತರೂ ರೈತ ಮಹಿಳೆಯರೂ ಲೆಕ್ಕಪತ್ರ ಕಲಿತು ಪರೀಕ್ಷೆ ಕಟ್ಟುವುದು ಬಹಳ ಒಳ್ಳೆಯ ಕೆಲಸ. 1959ರ ಕಾನೂನಿನಂತೆ ರಚಿತವಾದ ವೆಚ್ಚ ಲೆಕ್ಕಿಗರ ಸಂಸ್ಥೆಯು ಹನ್ನೆರಡನೆಯ ತರಗತಿ ಪಾಸಾದವರಿಗಾಗಿ ಅಕೌಂಟಿಂಗ್ ಟೆಕ್ನಿಷಿಯನ್ ಎಂಬ ಕೋರ್ಸನ್ನು ಆರಂಭಿಸಿತು. ಸಹಕಾರ ತರಬೇತಿಗಳಲ್ಲೂ ಲೆಕ್ಕಪತ್ರ ಒಂದು ಮುಖ್ಯ ವಿಷಯ. ನೀವು ಯಾವ ಪರೀಕ್ಷೆಗೆ ಕಟ್ಟಿದರೂ ಮೊದಲು ಈ ವರ್ಷದ ಪಠ್ಯಕ್ರಮವನ್ನೂ ಹಿಂದಿನ ಪ್ರಶ್ನೆಪತ್ರಿಕೆಗಳನ್ನೂ ತರಿಸಿಕೊಳ್ಳಿ. ಹೊಲದ ಮಣ್ಣು ನೋಡದೆ ಬೆಳೆ ನಿಶ್ಚಯಿಸುವುದುಂಟೇ? ಅನಂತರ ಓದುವ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು.

1. ಮೊದಲು ಬುಡ ಗಟ್ಟಿಯಾಗಲಿ

ಇಡೀ ಲೆಕ್ಕಪತ್ರ ಶಾಸ್ತ್ರ ನಿಂತಿರುವುದು ಒಂದು ಮಾತಿನ ಮೇಲೆ: ಪ್ರತಿ ವ್ಯವಹಾರಕ್ಕೂ ಎರಡು ಮುಖಗಳುಂಟು, ಎರಡನ್ನೂ ಬರೆಯಬೇಕು. ಇದನ್ನು ಇಟಲಿಯ ಲೂಕಾ ಪಾಚೊಲಿ ಎಂಬ ಪಂಡಿತನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತದ ಗ್ರಂಥದಲ್ಲಿ ವಿವರಿಸಿದನು. ಅಲ್ಲಿಯ ವರ್ತಕರು ಅದಕ್ಕೂ ಮೊದಲೇ ಈ ಪದ್ಧತಿಯಲ್ಲಿ ಲೆಕ್ಕ ಇಡುತ್ತಿದ್ದರು.

ನಿಯಮ ಇಷ್ಟೇ. ಆಸ್ತಿ ಅಥವಾ ವೆಚ್ಚ ಹೆಚ್ಚಿದರೆ ಡೆಬಿಟ್. ಸಾಲ, ಬಂಡವಾಳ ಅಥವಾ ಆದಾಯ ಹೆಚ್ಚಿದರೆ ಕ್ರೆಡಿಟ್. ಕಡಿಮೆಯಾದರೆ ಇದಕ್ಕೆ ವಿರುದ್ಧ.

ಒಂದು ಸಂಘದ ಒಂದು ದಿನದ ವ್ಯವಹಾರವನ್ನು ನೋಡೋಣ. ಸದಸ್ಯರೊಬ್ಬರು ಷೇರು ಹಣ 1,000 ರೂ. ನಗದು ಕಟ್ಟಿದರು. ಸಂಘ 20,000 ರೂ. ಗೊಬ್ಬರವನ್ನು ಸಾಲವಾಗಿ ಕೊಂಡಿತು. 6,000 ರೂ. ಗೊಬ್ಬರ ನಗದಿಗೆ ಮಾರಿತು. ಗೋದಾಮಿನ ಬಾಡಿಗೆ 500 ರೂ. ನಗದು ಕೊಟ್ಟಿತು.

ಮೊದಲನೆಯದರಲ್ಲಿ ನಗದು ಡೆಬಿಟ್, ಷೇರು ಬಂಡವಾಳ ಕ್ರೆಡಿಟ್. ಎರಡನೆಯದರಲ್ಲಿ ಖರೀದಿ ಡೆಬಿಟ್, ಗೊಬ್ಬರ ಕೊಟ್ಟವರ ಖಾತೆ ಕ್ರೆಡಿಟ್. ಮೂರನೆಯದರಲ್ಲಿ ನಗದು ಡೆಬಿಟ್, ಮಾರಾಟ ಕ್ರೆಡಿಟ್. ನಾಲ್ಕನೆಯದರಲ್ಲಿ ಬಾಡಿಗೆ ಡೆಬಿಟ್, ನಗದು ಕ್ರೆಡಿಟ್.

ಈಗ ತಾಳೆ ಪಟ್ಟಿ ಮಾಡಿ. ಡೆಬಿಟ್ ಕಡೆ ನಗದು 6,500, ಖರೀದಿ 20,000, ಬಾಡಿಗೆ 500, ಒಟ್ಟು 27,000. ಕ್ರೆಡಿಟ್ ಕಡೆ ಷೇರು ಬಂಡವಾಳ 1,000, ಗೊಬ್ಬರ ಕೊಟ್ಟವರಿಗೆ ಸಲ್ಲಬೇಕಾದದ್ದು 20,000, ಮಾರಾಟ 6,000, ಒಟ್ಟು 27,000. ಎರಡೂ ತಾಳೆಯಾದವು.

ಈ ಲೆಕ್ಕವನ್ನು ಓದಿ ಮುಂದೆ ಹೋಗಬೇಡಿ. ಪತ್ರಿಕೆಯನ್ನು ಮಡಿಸಿಟ್ಟು, ಒಂದು ಹಾಳೆ ತೆಗೆದುಕೊಂಡು ನೀವೇ ಬರೆಯಿರಿ.

2. ಜಮಾ ಎಂಬ ಮಾತಿನ ತೊಡಕು

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿ. ಊರ ಮಾತಿನಲ್ಲಿ ಹಣ ಬಂದರೆ ಜಮಾ, ಹೋದರೆ ಖರ್ಚು. ಪುಸ್ತಕದಲ್ಲಿ ಕ್ರೆಡಿಟ್‌ಗೆ ಜಮಾ ಎಂದು ಅರ್ಥ ಕೊಟ್ಟಿರುತ್ತಾರೆ. ಆದರೆ ನಗದು ಬಂದಾಗ ನಗದು ಖಾತೆಗೆ ಡೆಬಿಟ್ ಮಾಡಬೇಕೆನ್ನುತ್ತಾರೆ. ಇದೇನು ತಲೆಕೆಳಗು ಎಂದು ಅನೇಕರು ಪುಸ್ತಕ ಮುಚ್ಚಿಬಿಡುತ್ತಾರೆ.

ತಲೆಕೆಳಗೇನೂ ಅಲ್ಲ. ಜಮಾ ಆಗುವುದು ಹಣ ಕೊಟ್ಟವರ ಖಾತೆಗೆ. ನೀವು ಬ್ಯಾಂಕಿನಲ್ಲಿ 2,000 ರೂ. ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಜಮಾ ಎಂದು ಬರುತ್ತದೆ. ಏಕೆಂದರೆ ಪಾಸ್‌ಬುಕ್ ಎಂದರೆ ಬ್ಯಾಂಕಿನವರ ಪುಸ್ತಕದಲ್ಲಿರುವ ನಿಮ್ಮ ಖಾತೆಯ ನಕಲು. ಆ 2,000 ರೂ. ಬ್ಯಾಂಕು ನಿಮಗೆ ಕೊಡಬೇಕಾದ ಹಣ. ಅದು ಅವರಿಗೆ ಸಾಲ, ಆದ್ದರಿಂದ ಕ್ರೆಡಿಟ್. ಅದೇ ಹಣ ನಿಮ್ಮ ಪುಸ್ತಕದಲ್ಲಿ ನಿಮ್ಮ ಆಸ್ತಿ, ಆದ್ದರಿಂದ ಬ್ಯಾಂಕ್ ಖಾತೆ ಡೆಬಿಟ್. ಲೆಕ್ಕ ಬರೆಯುವಾಗಲೆಲ್ಲ "ಇದು ಯಾರ ಪುಸ್ತಕ?" ಎಂದು ಮೊದಲು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ.

3. ದಿನವೂ ಸ್ವಲ್ಪ ಓದಿ

ಭಾನುವಾರ ಐದು ಗಂಟೆ ಒಟ್ಟಿಗೆ ಕುಳಿತು ಉಳಿದ ದಿನ ಪುಸ್ತಕ ಮುಟ್ಟದಿರುವುದು, ತಿಂಗಳಿಗೊಮ್ಮೆ ಕೆರೆ ತೂಬು ಪೂರ್ತಿ ಎತ್ತಿ ಸಸಿಗಳನ್ನು ಮುಳುಗಿಸಿದಂತೆ. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ತಪ್ಪಕೂಡದು. ಬಿತ್ತನೆ, ನಾಟಿ, ಕುಯ್ಲಿನ ಕಾಲದಲ್ಲಿ ಅಷ್ಟೂ ಸಾಧ್ಯವಾಗದಿದ್ದರೆ ಹಳೆಯ ಒಂದು ಲೆಕ್ಕವನ್ನಾದರೂ ಮಾಡಿ ಮಲಗಿ. ಹೊಸ ಪಾಠಗಳನ್ನು ಕೆಲಸ ಕಡಿಮೆಯಿರುವ ತಿಂಗಳುಗಳಿಗೆ ಇಟ್ಟುಕೊಳ್ಳಿ. ಪರೀಕ್ಷೆಯ ತಿಂಗಳಿಂದ ಹಿಂದಕ್ಕೆ ಎಣಿಸಿ ಇಡೀ ಪಠ್ಯವನ್ನು ಈಗಲೇ ಹಂಚಿಕೊಳ್ಳುವುದು ಅವಶ್ಯ.

ಕಲಿತದ್ದು ಮರೆಯುವುದು ವಯಸ್ಸಿನ ದೋಷವಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ತನ್ನ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದರಲ್ಲಿ ಬಹುಭಾಗ ಮೊದಲ ಒಂದೆರಡು ದಿನಗಳಲ್ಲಿಯೇ ಮರೆತುಹೋಗುತ್ತದೆಂದು 1885ರಲ್ಲಿ ಪ್ರಕಟಿಸಿದನು. ಮರೆವಿಗೆ ಮದ್ದು ಮತ್ತೆ ಮತ್ತೆ ಮಾಡುವುದು. ಇಂದು ಕಲಿತ ಲೆಕ್ಕವನ್ನು ನಾಳೆ ಒಮ್ಮೆ, ನಾಲ್ಕನೆಯ ದಿನ ಒಮ್ಮೆ, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಮಾಡಿ. ಬೇರಿಗೆ ನೀರು ಇಳಿಯುವುದು ಹೀಗೆಯೇ.

4. ಪುಸ್ತಕ ಮುಚ್ಚಿ ಮಾಡಿ

ಬಿಡಿಸಿಟ್ಟ ಲೆಕ್ಕವನ್ನು ಓದಿದಾಗ ಎಲ್ಲ ತಿಳಿದಂತೆ ತೋರುತ್ತದೆ. ಇನ್ನೊಬ್ಬರು ಉಳುವುದನ್ನು ಬದುವಿನ ಮೇಲೆ ನಿಂತು ನೋಡಿದರೆ ನೇಗಿಲು ಹಿಡಿಯಲು ಬರುತ್ತದೆಯೇ? ಉತ್ತರವನ್ನು ಹಾಳೆಯಿಂದ ಮುಚ್ಚಿ, ನೀವು ಮಾಡಿ, ಆಮೇಲೆ ಹೋಲಿಸಿ.

ಒಂದು ತಪ್ಪಿನ ಪುಸ್ತಕ ಇಡಿ. ತಪ್ಪಿದ ಲೆಕ್ಕ, ತಪ್ಪಿದ ಕಾರಣ, ಸರಿಯಾದ ಕ್ರಮ ಇಷ್ಟನ್ನು ಅದರಲ್ಲಿ ಬರೆಯಿರಿ. ಪರೀಕ್ಷೆಯ ಹಿಂದಿನ ವಾರ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ಇನ್ನೊಂದಿಲ್ಲ. ಒಂದೇ ಬಗೆಯ ಹತ್ತು ಲೆಕ್ಕ ಸತತವಾಗಿ ಮಾಡುವುದಕ್ಕಿಂತ ಸವಕಳಿ, ಬ್ಯಾಂಕ್ ತಾಳೆ, ಅಂತಿಮ ಲೆಕ್ಕ ಇವನ್ನು ಕಲೆಸಿ ಮಾಡುವುದು ಮೇಲು. ಪರೀಕ್ಷೆಯಲ್ಲಿ ಪ್ರಶ್ನೆಗಳು ಕಲೆಸಿಯೇ ಬರುತ್ತವೆ.

ಕಲಿತದ್ದನ್ನು ಮನೆಯವರಿಗೆ ಹೇಳಿ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳಿಂದ ಹೇಳಿಸಿಕೊಳ್ಳಲು ನಾಚಬೇಕಾಗಿಲ್ಲ. ಸಾಮಾನ್ಯ ಮಾತಿನಲ್ಲಿ ಹೇಳಲಾಗದಿದ್ದರೆ ಇನ್ನೂ ಅರ್ಥವಾಗಿಲ್ಲವೆಂದು ತಿಳಿಯಬೇಕು.

5. ತಾಳೆಯಾಗದಿದ್ದರೆ ಗಾಬರಿ ಬೇಡ

ತಾಳೆ ಪಟ್ಟಿಯ ಎರಡು ಕಡೆ ಸರಿಹೋಗದಿದ್ದಾಗ ಮೊದಲು ಕೂಡಿಕೆ ನೋಡಿ. ಅನಂತರ ವ್ಯತ್ಯಾಸವನ್ನು ಗಮನಿಸಿ.

(ಅ) ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 5,400ನ್ನು 4,500 ಎಂದು ಬರೆದರೆ ವ್ಯತ್ಯಾಸ 900, ಒಂಬತ್ತು ನೂರು.

(ಆ) ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಿಯಾದರೂ ಇದೆಯೇ ಎಂದು ಹುಡುಕಿ. ಡೆಬಿಟ್‌ಗೆ ಬರೆಯಬೇಕಾದ 350 ರೂ. ಕ್ರೆಡಿಟ್‌ಗೆ ಹೋಗಿದ್ದರೆ ವ್ಯತ್ಯಾಸ 700 ಆಗುತ್ತದೆ.

(ಇ) ವ್ಯತ್ಯಾಸದಷ್ಟೇ ಮೊತ್ತ ಒಂದು ಕಡೆ ಮಾತ್ರ ಬರೆದು ಇನ್ನೊಂದು ಕಡೆ ಬಿಟ್ಟುಹೋಗಿದೆಯೇ ನೋಡಿ.

ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದು ತಿಳಿಯಕೂಡದು. ಪರೀಕ್ಷಕರು ಮೆಚ್ಚಿ ಕೇಳುವ ಪ್ರಶ್ನೆಯೂ ಇದು, ಸಂಘದಲ್ಲಿ ನಿಜವಾದ ಅಪಾಯವೂ ಇದೇ. ಒಂದು ವ್ಯವಹಾರವನ್ನು ಪೂರ್ತಿ ಬರೆಯದೇ ಬಿಟ್ಟರೂ ಪಟ್ಟಿ ತಾಳೆಯಾಗುತ್ತದೆ. ಎರಡೂ ಕಡೆ ಒಂದೇ ತಪ್ಪು ಮೊತ್ತ ಬರೆದರೂ ತಾಳೆಯಾಗುತ್ತದೆ. ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದು, ಒಬ್ಬರು ಕಟ್ಟಿದ ಸಾಲದ ಕಂತನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿದರೂ ಚೆನ್ನಾಗಿಯೇ ತಾಳೆಯಾಗುತ್ತದೆ. ಆದರೆ ಹೊಟ್ಟೆಬಟ್ಟೆ ಕಟ್ಟಿ ಹಣ ತಂದುಕಟ್ಟಿದ ಬಡವನ ಮನೆಗೆ ಬಾಕಿಯ ನೋಟೀಸು ಹೋಗುತ್ತದೆ. ರಶೀದಿ, ಸದಸ್ಯತ್ವದ ನಂಬರು, ಖಾತೆ ಈ ಮೂರನ್ನೂ ಹೋಲಿಸಿ ನೋಡುವ ಅಭ್ಯಾಸವನ್ನು ಕಲಿಯುವಾಗಲೇ ಬೆಳೆಸಿಕೊಳ್ಳಿ.

2022ರಲ್ಲಿ ಕೇಂದ್ರ ಸರ್ಕಾರವು 63,000 ಪ್ರಾಥಮಿಕ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಅಳವಡಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಂಪ್ಯೂಟರ್ ಬಂದರೆ ಲೆಕ್ಕ ಕಲಿಯಬೇಕಾದದ್ದಿಲ್ಲವೆಂದು ಕೆಲವರು ಹೇಳುವುದುಂಟು. ಅದು ಕೂಡುವುದರಲ್ಲಿ ತಪ್ಪುವುದಿಲ್ಲ, ನಿಜ. ಆದರೆ ಕಂತು ಯಾರದು ಎಂಬುದನ್ನು ಅದಕ್ಕೆ ಹೇಳಬೇಕಾದವರು ನಾವೇ.

6. ಕಣ್ಣು, ಕೈ, ಗಡಿಯಾರ

ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಓದಿದರೆ ತಲೆನೋವು ಬರುತ್ತದೆ ಎನ್ನುವವರು ಮೊದಲು ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಕೊಳ್ಳಲಿ. ದೀಪ ಚೆನ್ನಾಗಿರಲಿ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ.

ಬಹುಕಾಲ ಪೆನ್ನು ಹಿಡಿಯದ ಕೈ ಬೇಗ ಸೋಲುತ್ತದೆ. ಗೆರೆ ಹೊಡೆದ ಹಾಳೆಯಲ್ಲಿ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರುವಂತೆ ಬರೆದು ಅಭ್ಯಾಸ ಮಾಡಿ. ಸಾಲು ಓರೆಯಾದರೆ ಕೂಡಿಕೆ ತಪ್ಪುತ್ತದೆ.

ಪ್ರಶ್ನೆಪತ್ರಿಕೆ ಮೂರು ಗಂಟೆಯದು, ನೂರು ಅಂಕದ್ದು ಎಂದಿಟ್ಟುಕೊಳ್ಳಿ. 180 ನಿಮಿಷಗಳಲ್ಲಿ ಓದಲು, ಸರಿನೋಡಲು 20 ನಿಮಿಷ ತೆಗೆದಿಟ್ಟರೆ ಉಳಿಯುವುದು 160. ಹತ್ತು ಅಂಕದ ಪ್ರಶ್ನೆಗೆ 16 ನಿಮಿಷ. ಅಷ್ಟರಲ್ಲಿ ಮುಗಿಯದಿದ್ದರೆ ಜಾಗ ಬಿಟ್ಟು ಮುಂದಕ್ಕೆ ಹೋಗಿ. ಒಂದು ತಾಳೆಯ ಬೆನ್ನು ಹತ್ತಿ ನಾಲ್ಕು ಪ್ರಶ್ನೆ ಕಳೆದುಕೊಳ್ಳುವುದು ಜಾಣತನವಲ್ಲ. ಮಾಡಿದ ಉಪಲೆಕ್ಕಗಳನ್ನು ಹೊಡೆದುಹಾಕದೆ ತೋರಿಸಿ. ಪರೀಕ್ಷೆಗೆ ಮುಂಚೆ ಮೂರು ಬಾರಿಯಾದರೂ ಗಡಿಯಾರ ಎದುರಿಗಿಟ್ಟು ಹಳೆಯ ಪತ್ರಿಕೆ ಬರೆಯಿರಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ.

7. ಜೊತೆಗೂಡಿ ಕಲಿಯಿರಿ

ಒಂಟಿಯಾಗಿ ಹೊರಟವರು ನಡುದಾರಿಯಲ್ಲಿ ಬಿಡುವುದು ಹೆಚ್ಚು. ಊರಿನಲ್ಲಿ ಮೂರು ನಾಲ್ಕು ಮಂದಿ ಸೇರಿ ವಾರಕ್ಕೊಂದು ಸಂಜೆ ಕೂಡಿರಿ. ಒಬ್ಬರು ಮಾಡಿದ ಲೆಕ್ಕವನ್ನು ಇನ್ನೊಬ್ಬರು ತಪಾಸಣೆ ಮಾಡಲಿ. ಸಂಘದ ಹಿಂದಿನ ವರ್ಷದ ಅಢಾವೆ ಪತ್ರಿಕೆ ಸದಸ್ಯರಿಗೆ ಹಂಚಿದ್ದಿರುತ್ತದೆ. ಅದನ್ನು ಮುಂದಿಟ್ಟುಕೊಂಡು ಒಂದೊಂದು ಸಾಲಿನ ಅರ್ಥ ಹೇಳಿಕೊಳ್ಳಿ. ಅದಕ್ಕಿಂತ ಹತ್ತಿರದ ಪಾಠ ಬೇರೆ ಸಿಗದು.

ಮೊದಲ ಸಲ ನಪಾಸಾದರೆ ಮಕ್ಕಳು ನಕ್ಕಾರೆಂದು ಕೆಲವರು ಹಿಂಜರಿಯುತ್ತಾರೆ. ಒಂದು ವರ್ಷ ಮಳೆ ಕೈಕೊಟ್ಟಿತೆಂದು ಹೊಲವನ್ನು ಬೀಳು ಬಿಡುವವರಿಲ್ಲ. ತಪ್ಪಿನ ಪುಸ್ತಕ ತೆಗೆದು ಮತ್ತೆ ಕಟ್ಟಿ.

ಈ ಮಾರ್ಚ್ 31ಕ್ಕೆ ಸಂಘದ ವರ್ಷ ಮುಗಿಯುತ್ತದೆ. ಆಮೇಲೆ ಲೆಕ್ಕ ಸಭೆಯ ಮುಂದೆ ಬರುತ್ತದೆ. ಆ ಸಭೆಯಲ್ಲಿ ಕೈ ಎತ್ತುವ ಮುನ್ನ ಪತ್ರಿಕೆಯನ್ನು ಓದಿ ಒಂದು ಪ್ರಶ್ನೆ ಕೇಳಬಲ್ಲವರು ಪ್ರತಿ ಊರಿನಲ್ಲೂ ನಾಲ್ವರಾದರೂ ಇರಲಿ. ಇಂದು ಸಂಜೆಯೇ ಒಂದು ನೋಟುಬುಕ್ಕು ತನ್ನಿ. ಮೊದಲ ಪುಟದಲ್ಲಿ ನಿಮ್ಮ ಮನೆಯ ಇಂದಿನ ವ್ಯವಹಾರಗಳನ್ನೇ ಡೆಬಿಟ್, ಕ್ರೆಡಿಟ್ ಎಂದು ವಿಂಗಡಿಸಿ ಬರೆಯಿರಿ.